ಮೂಲೆಯ ಹೋಳು

ಸೆಫ್ರೂನ ಈ ಓಣಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಗ್ಯಾಸಿದೆ.
ಆದರೂ ತಟ್ಟೆಗಳು ನನ್ನ ಭಟ್ಟಿಗೇ ಬರುತ್ತವೆ,
ತಲೆಯ ಮೇಲೆ, ಸೊಂಟದ ಮೇಲೆ,
ಶಾಲೆಗೆ ತಡವಾದ ಹುಡುಗರ ಸೈಕಲ್ಲಿನ ಮೇಲೆ.
ಯಾವುದರ ಮೇಲೂ ಹೆಸರಿಲ್ಲ.
ಸೊಟ್ಟ ಹಿಡಿಕೆ ಚಮ್ಮಾರ ಬುಶ್ತನದು,
ತೂತಿಗೆ ಬೆಸುಗೆ ಬಿದ್ದದ್ದು ಜೋಹ್ರಾಳದು,
ನೀಲಿ ಅಂಚು
ಹನಿಯಾಳದು.

ಅದು ಬರುವುದು ಶುಕ್ರವಾರ, ನಮಾಜಿಗೆ ಮುಂಚೆ.
ಕುಂಬಳ, ಹೆಬ್ಬೆರಳ ಗಾತ್ರದ ಗಜ್ಜರಿ,
ಬೆಳಕು ಹಾಯುವಷ್ಟು ತೆಳ್ಳಗೆ ಹೆಚ್ಚಿದ ಈರುಳ್ಳಿ.
ಒಣದ್ರಾಕ್ಷಿ ಅಡಿಯಲ್ಲಿ ಅಡಗಿರುತ್ತದೆ.
ಮೇಲಿಟ್ಟರೆ ಸುಟ್ಟು ಕಲ್ಲಾಗುತ್ತದೆ,
ಹೊಸ ಸೊಸೆಯರಿಗೆ ಎಷ್ಟು ಹೇಳಿದರೂ ಅಷ್ಟೆ.
ಆಲಿವ್ ಎಣ್ಣೆ, ಚಕ್ಕೆಪುಡಿ, ಕರಿಮೆಣಸು, ಉಪ್ಪು.
ಜೇನು ಮಾತ್ರ ಬೇರೆ ಬಟ್ಟಲಲ್ಲಿ.
“ಅಂಚು ಕಪ್ಪಾಗುವಾಗ ಸುರಿ, ಅಲ್ಲಾಲ್.
ಮೊದಲೇ ಸುರಿದೆಯೋ, ನಿನ್ನ ಭಟ್ಟಿಯೇ ತಿಂದೀತು,
ನನ್ನ ಮಕ್ಕಳಿಗೆ ಮಸಿ ಉಳಿದೀತು.”

ಮೂವತ್ತೊಂದು ವರ್ಷದಿಂದ ಇದೇ ಮಾತು.
ಮೂವತ್ತೊಂದು ವರ್ಷದಿಂದ ನಾನೂ
ಪ್ರತಿ ತಟ್ಟೆಯಿಂದ ಒಂದು ಹೋಳು ಎತ್ತುತ್ತೇನೆ.
ಕಳ್ಳತನ ಅನ್ನಿ, ಸುಂಕ ಅನ್ನಿ.
ಬೆಂಕಿಗೆ ಬೆನ್ನು ಕೊಟ್ಟು,
ಉಫ್ ಉಫ್ ಎಂದು ಊದಿ, ನಾಲಿಗೆ ಸುಟ್ಟುಕೊಂಡು ತಿನ್ನುತ್ತೇನೆ.
ಯಾರ ಮನೆಯಲ್ಲಿ ಸಾಲ ತೀರಿತು, ಯಾರಲ್ಲಿ ಜಗಳ,
ಯಾರು ಬೆಣ್ಣೆ ಬಿಟ್ಟು ಎಣ್ಣೆಗಿಳಿದರು
ಎಲ್ಲ ನನಗೆ ಗೊತ್ತು.
ಹೇಳುವುದಿಲ್ಲ. ಬಾಯಿ ತುಂಬಿರುತ್ತದೆ.

ಹನಿಯಾಳ ಗಜ್ಜರಿಯಲ್ಲಿ
ಮೊದಲು ಜೇನು ಬರುತ್ತದೆ, ಮನೆಯೊಡತಿಯ ಹಾಗೆ ನಗುತ್ತ.
ಅವಳ ಹಿಂದೆ ಬಾಗಿಲ ಮರೆಯಲ್ಲಿ ಉಪ್ಪು.
ನುಂಗಿದ ಮೇಲೂ ಹೋಗದೆ ನಿಂತಿರುತ್ತದೆ,
ಏನೋ ಹೇಳುವುದು ಬಾಕಿ ಇದ್ದಂತೆ.

ಆ ಚಳಿಗಾಲ ಅವಳಿಗೆ ಜ್ವರ ಬಂತು.
ಮೂರು ಶುಕ್ರವಾರ ನೀಲಿ ಅಂಚು ಕಾಣಲಿಲ್ಲ.
ನಾಲ್ಕನೆಯ ಶುಕ್ರವಾರ ಬಂತು:
ಅದೇ ಕುಂಬಳ, ಅದೇ ತೆಳ್ಳನೆ ಈರುಳ್ಳಿ.
ಎತ್ತಿಕೊಂಡೆ, ಊದಿದೆ, ತಿಂದೆ.
ಬರೀ ಸಿಹಿ.
ನಗುತ್ತಲೇ ಇರುವವರ ಜೊತೆ ಕೂತಷ್ಟು ಸುಸ್ತು.

ಮರೆತಿರಬೇಕು ಎಂದುಕೊಂಡೆ.
ನನ್ನ ರೊಟ್ಟಿಯ ಡಬ್ಬಿಯಿಂದ ಮೂರು ಬೆರಳು ಉಪ್ಪು ತೆಗೆದು
ಯಾರೂ ನೋಡದಂತೆ ಉದುರಿಸಿ, ಉದ್ದ ಸಲಿಕೆಯಲ್ಲಿ
ತಟ್ಟೆಯನ್ನು ಮತ್ತೆ ಒಳಗೆ ತಳ್ಳಿದೆ.

ಮುಂದಿನ ವಾರ ಸಮುದ್ರದಷ್ಟು ಉಪ್ಪು.
ಅದಕ್ಕೆ ಹೆಚ್ಚು ಜೇನು, ಒಂದು ಮುಷ್ಟಿ ದ್ರಾಕ್ಷಿ.
ಅದರ ಮುಂದಿನ ವಾರ ಮತ್ತೆ ಸಪ್ಪೆ.
ಆಗ ತಿಳಿಯಿತು:
ಜ್ವರ ಹೋಗುವಾಗ ಅವಳ ನಾಲಿಗೆಯನ್ನೂ ಒಯ್ದಿದೆ.
ಮನೆಯಲ್ಲಿ ಯಾರೂ ಹೇಳಿಲ್ಲ.
ಹೇಳುವುದಾದರೂ ಹೇಗೆ, ಅವಳೇ ಬಡಿಸುತ್ತ ನಿಂತಿರುವಾಗ?

ಎಂಟು ತಿಂಗಳು ಹೀಗೇ ತೂಗಿದೆ,
ಒಂದು ಕೈಯಲ್ಲಿ ಉಪ್ಪು, ಒಂದು ಕೈಯಲ್ಲಿ ಜೇನು.
ಓಣಿಯ ಮಾತೆಂದರೆ, ಹನಿಯಾಳ ಕೈಗುಣ
ವಯಸ್ಸಾದಷ್ಟೂ ಹೆಚ್ಚುತ್ತಿದೆಯಂತೆ.
ನಾನು ಹೌದೆಂದೆ.

ನಿನ್ನೆ ಅವಳೇ ಬಂದಳು, ತಟ್ಟೆ ಹೊತ್ತು,
ಮೆಟ್ಟಿಲಿಳಿದು, ಏದುಸಿರು ಬಿಡುತ್ತ.
ಜೇನಿನ ಬಟ್ಟಲಿನ ಪಕ್ಕ
ಬಟ್ಟೆಯ ಚೂರಿನಲ್ಲಿ ಕಟ್ಟಿದ ಗಂಟು.
ಬಿಚ್ಚಿದೆ. ಉಪ್ಪು.

“ನಿನ್ನದೇ ಎಷ್ಟು ಖರ್ಚು ಮಾಡುತ್ತೀಯ?” ಎಂದಳು.
ನನಗೆ ಭಟ್ಟಿಯ ಬೂದಿಯನ್ನು ನೋಡಬೇಕಾಯಿತು.
“ಮೂಲೆಯದನ್ನೇ ತಿನ್ನು.
ಯಾವಾಗಲೂ ಅಲ್ಲೊಂದು ದಪ್ಪ ಹೋಳು ಇಡುತ್ತೇನಲ್ಲ,
ಮದುವೆಯಾಗಿ ಬಂದ ವರ್ಷದಿಂದ.
ನೀನು ನಡುವಿನಿಂದ ಎತ್ತಿ
ಸಾಲನ್ನೆಲ್ಲ ಕೆಡಿಸುತ್ತೀಯ.”

ಅಂಚು ಕಪ್ಪಾಗುತ್ತಿತ್ತು.
ಜೇನು ಸುರಿದೆ. ಅದು ಚಿಟಚಿಟ ಎಂದಿತು.
ಅವಳು ಮೂಗು ಮುಂದೆ ಮಾಡಿ ನಿಂತಳು,
ಬೆಂಕಿಯ ಬಿಸಿ ಮುಖಕ್ಕೆ ಬಡಿಯುವಷ್ಟು ಹತ್ತಿರ.
“ಏನಾದರೂ ಬಂತೇ?” ಎಂದೆ.
“ಹೊಗೆ,” ಎಂದಳು. ಆಮೇಲೆ, “ಬಿಸಿ.”