ಐದು ಲೀಟರಿನ ಕುಕ್ಕರ್

ಅನ್ನಕ್ಕೆ ಮೂರು ಸೀಟಿ,
ಕಡಲೆಗೆ ಆರು.
ಕಾರ್ಬ್ಯುರೇಟರಿಗೆ ಎಷ್ಟು ಎಂದು
ನನ್ನನ್ನು ಯಾರೂ ಕೇಳಿರಲಿಲ್ಲ.

ಮೀನುಗಾರಿಕೆ ನಿಂತು ಹದಿನೆಂಟು ದಿನ.
ಬೈತಖೋಲದಲ್ಲಿ ದೋಣಿಗಳೆಲ್ಲ
ತಾಡಪತ್ರಿ ಹೊದ್ದು ಮಗ್ಗುಲಾಗಿದ್ದವು.
ರೋಹಿದಾಸ ಎಂಜಿನನ್ನು
ಜ್ವರ ಬಂದ ಮಗುವಿನ ಹಾಗೆ ಹೆಗಲ ಮೇಲೆ ತಂದು
ಅಡುಗೆಮನೆಯ ನೆಲಕ್ಕೆ
ಕ್ಯಾಲೆಂಡರಿನ ಮೇ ತಿಂಗಳ ಹಾಳೆ ಹಾಸಿ
ಬಿಚ್ಚತೊಡಗಿದ.

ಒಂದನೇ ತಾರೀಕಿನ ಮೇಲೆ ದೊಡ್ಡ ಸ್ಕ್ರೂ,
ಎರಡರ ಮೇಲೆ ಅದರ ವಾಷರು,
ಸಂಕಷ್ಟಿಯ ಮೇಲೆ ಸೂಜಿ.
ಮತ್ತೆ ಜೋಡಿಸುವಾಗ
ತಿಂಗಳನ್ನು ಹಿಂದಕ್ಕೆ ಓದುತ್ತ ಹೋದರೆ ಸಾಕಂತೆ.

ಜಿಡ್ಡು ಅಂದರೆ ಅದು ಜಿಡ್ಡು:
ಸೀಮೆಎಣ್ಣೆ ಸುಟ್ಟದ್ದು, ಉಪ್ಪು ಕೂತದ್ದು,
ಮೂರು ವರ್ಷದ ಸಮುದ್ರ ಡಾಂಬರಾದದ್ದು.
ಹಳೆಯ ಟೂತ್‌ಬ್ರಷ್ ಸೋತಿತು.
ಪೆಟ್ರೋಲೂ ಸೋತಿತು.
ಲೀಟರಿಗೆ ನೂರು ಕೊಟ್ಟದ್ದು ಸೋತರೆ
ಬೇಸರ ಜಾಸ್ತಿ.

ಆಗ ಅವನ ಕಣ್ಣು ಗೂಡಿನ ಕಡೆ ಹೋಯಿತು.
ಮೂವತ್ತು ವರ್ಷದ ಸಂಸಾರದಲ್ಲಿ
ಈ ಗಂಡಸು ಕುಕ್ಕರನ್ನು ನೋಡಿದ್ದು
ಅದೇ ಮೊದಲು.

"ಹೊನ್ನಾವರದ ಮೆಕ್ಯಾನಿಕ್ ಹೀಗೇ ಮಾಡ್ತಾನೆ."
"ಅವನ ಹೆಂಡತಿ ಎಂತ ಮಾಡ್ತಾಳೆ?"

ಉತ್ತರವಿಲ್ಲ.
ನೀರು ತುಂಬಿಸಿ ಸೋಡಾದ ಪೊಟ್ಟಣ ಹರಿಯುತ್ತಿದ್ದ.
ಕೈ ಹಿಡಿದೆ.
ಸೋಡಾ ಬಿದ್ದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ;
ಇದು ಗೊತ್ತಾಗಲು ಮೆಕ್ಯಾನಿಕ್ ಆಗಬೇಕಿಲ್ಲ,
ಪಾತ್ರೆ ತೊಳೆದಿದ್ದರೆ ಸಾಕು.

ಅಲ್ಲಿಂದ ಮುಂದೆ ಕೆಲಸ ನನ್ನದು.
ಎರಡು ಚಮಚ ಪಾತ್ರೆಯ ಸೋಪು, ಸಣ್ಣ ಉರಿ.
ಹಿತ್ತಾಳೆಯ ಜೆಟ್ಟುಗಳಿಗೆ ಬೇರೆ ಲೋಟದಲ್ಲಿ
ಮುರುಗಲ ಸಿಪ್ಪೆಯ ಬಿಸಿನೀರು.
ಬೇರಿಂಗು ಫ್ರೀಜರಿನಲ್ಲಿ ಬಂಗಡೆಯ ಪಕ್ಕ,
ಚಳಿಗೆ ಮುದುಡಿದರೆ ಗೂಡಿಗೆ ಸಲೀಸಾಗಿ ಕೂರುತ್ತದಂತೆ.
ಒಣಗಿಸಲು ಮಗಳ ಹೇರ್ ಡ್ರೈಯರು.
ಅವಳು ಎರಡು ದಿನ ಮಾತು ಬಿಟ್ಟಳು.

ಕುಕ್ಕರಿಗೂ ಗ್ಯಾಸ್ಕೆಟ್, ಎಂಜಿನಿಗೂ ಗ್ಯಾಸ್ಕೆಟ್.
ಇವೆರಡೂ ದಾಯಾದಿಗಳು ಎಂದು
ನನಗೆ ಗೊತ್ತಾದದ್ದು ಆವತ್ತು.

ಪಕ್ಕದ ಮನೆಯ ಶಾಲಿನಿ ಕಿಟಕಿಯಲ್ಲಿ ಮೂಗು ತೂರಿಸಿ
"ಎಂತ ಸಾರೇ ಇದು?" ಎಂದಳು.
"ಯಮಾಹಾದ್ದು. ಒಂದು ಬಟ್ಟಲು ಕೊಡಲಾ?"

ನೀರು ಮೊದಲು ಚಹಾದ ಬಣ್ಣ,
ಆಮೇಲೆ ಕಣವೆಯ ಮಸಿಯ ಬಣ್ಣ.
ಇಪ್ಪತ್ತು ನಿಮಿಷಕ್ಕೆ ಜಾಲರಿಯಲ್ಲಿ ಎತ್ತಿದರೆ
ಕಾರ್ಬ್ಯುರೇಟರು
ಸುಲಿದ ಹಲಸಿನ ಬೀಜದ ಹಾಗೆ ಬೆಳ್ಳಗೆ.
ರೋಹಿದಾಸ ಅದನ್ನು ಬೆಳಕಿಗೆ ಹಿಡಿದು
ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿದ.
ಇನ್ನೊಂದು ಕಣ್ಣು ನನ್ನನ್ನು ನೋಡಿತು.
ಹೊಗಳುವುದು ಅವನ ಜಾಯಮಾನವಲ್ಲ.
"ಊಟಕ್ಕೆ ಎಂತ ಮಾಡ್ತೆ?" ಎಂದ.

ಅನ್ನಕ್ಕೆ ಸೀಮೆಎಣ್ಣೆಯ ವಾಸನೆ ಬಂತು.
ನಾಲ್ಕು ಸಲ ತಿಕ್ಕಿದೆ, ಐದನೆಯ ಸಲ ಅಳು ಬಂತು.
ಮುಚ್ಚಳವನ್ನು ಬಿಸಿಲಿಗಿಡಲು ಎತ್ತಿದೆ.
ತೊಳೆದು ತೊಳೆದು ಸವೆದು
ಕಾಣದೆ ಹೋಗಿದ್ದ ಅಕ್ಷರಗಳೊಳಗೆ
ಜಿಡ್ಡು ಕೂತು ಕಪ್ಪಗೆ ಎದ್ದು ನಿಂತಿತ್ತು:

ನಲಿನಿಗೆ ಗಣಬಾ ಮಾವ

ಮಾಜಾಳಿಯ ಮಾವ.
ಎಂಜಿನ್ ಕಂಡವನಲ್ಲ, ಸಾಯುವ ತನಕ ಹುಟ್ಟು ಹಾಕಿದವನು.
ಪೇಟೆಯ ಪಾತ್ರೆ ಅಂಗಡಿಯಲ್ಲಿ
ಅಕ್ಷರಕ್ಕೆ ಎಂಟಾಣೆ ಆಗ;
ಒಂಬತ್ತು ಅಕ್ಷರ, ನಾಲ್ಕೂವರೆ ರೂಪಾಯಿ.
ಪ್ರೀತಿ, ಆಶೀರ್ವಾದ, ತಾರೀಕು,
ಎಲ್ಲವನ್ನೂ ಲೆಕ್ಕ ಹಾಕಿ ಬಿಟ್ಟಿದ್ದ.

ಆ ಜಿಡ್ಡನ್ನು ನಾನು ತಿಕ್ಕಲಿಲ್ಲ.

ಆಗಸ್ಟಿನಲ್ಲಿ ಎಂಜಿನು ಮೂರನೇ ಎಳೆತಕ್ಕೆ ಹತ್ತಿತು.
ಅನ್ನ ಈಗ ಪಾತೇಲೆಯಲ್ಲಿ ಬಸಿಯುತ್ತೇನೆ.
ಕುಕ್ಕರು ಕೇರಿ ಸುತ್ತುತ್ತದೆ:
ಜುಜೆಯ ಪಿಸ್ಟನ್ನಿಗೆ ಒಮ್ಮೆ,
ಶಾಲಿನಿಯ ಗಂಡನ ಪಂಪಿಗೆ ಒಮ್ಮೆ.
ಮರಳಿ ಬರುವಾಗ ಒಳಗೆ ನಾಲ್ಕು ತಾರ್ಲೆ ಇರುತ್ತವೆ,
ಒಮ್ಮೊಮ್ಮೆ ಇರುವುದಿಲ್ಲ.

ಎಷ್ಟು ಸೀಟಿ, ವೈನಿ, ಎಂದು ಕೇಳುತ್ತಾರೆ.
ಸೀಟಿ ಇಲ್ಲ, ಸೋಡಾ ಇಲ್ಲ, ಸಣ್ಣ ಉರಿ
ಎನ್ನುತ್ತೇನೆ.
ಮುಚ್ಚಳ ಬೇಕಾಗುವುದಿಲ್ಲ.
ಅದನ್ನು ಕೊಡುವುದೂ ಇಲ್ಲ.