ಮೂರನೇ ನಂಬರಿನ ಸೂಜಿ

ಸೂಜಿ ಚುಚ್ಚಬೇಕಾದ್ದು ಬಲಗಡೆಯ ಚಿಪ್ಪಿಗೆ.
ನಡುವಿಗಲ್ಲ, ಎಡಕ್ಕಲ್ಲ.
ಯಾಕೆಂದು ಕೇಳಿದ್ದಕ್ಕೆ ಇಂದುಧರ ಸರ್
ಕನ್ನಡಕ ಒರೆಸುತ್ತ ಹೇಳಿದ್ದರು:
ಒಂದು ಪಕ್ಕವಾದರೂ ಪೂರ್ತಿ ಉಳಿಯಲಿ ಅಂತ.

ದಾವಣಗೆರೆಯ ಕಾಲೇಜಿನ ಮೂರನೇ ಮಹಡಿ,
ನುಸಿಗುಳಿಗೆ ವಾಸನೆಯ ಇಪ್ಪತ್ತೆರಡು ಡ್ರಾಯರು.
ಒಂಬತ್ತು ವರ್ಷದಿಂದ ಇಲ್ಲಿ ಕೂತು
ಸತ್ತವುಗಳ ಕಾಲು ನೆಟ್ಟಗೆ ಮಾಡುತ್ತಿದ್ದೇನೆ.
ಕಿಟಕಿಯಾಚೆ ಮಂಡಕ್ಕಿ ಭಟ್ಟಿಗಳ ಹೊಗೆ.
ಅಬ್ಬು ಅಲ್ಲಿ ಮರಳು ಕಾಯಿಸುತ್ತಿದ್ದ ಕಾಲಕ್ಕೆ
ನನ್ನ ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ತಿಂದುಕೊಂಡು
ಹಸಿರು ಜೀರ್ಜಿಂಬೆಯೊಂದು ಮೊಟ್ಟೆಯಿಟ್ಟಿತ್ತು.
ಎಣಿಸಿದ್ದೆ. ಏಳು.
ಕಡ್ಡಿಯಿದೆಯೆಂದು ಅಮ್ಮಿ ಪೊಟ್ಟಣ ತೆಗೆದು
ಚೀರಿದ್ದು ಇಡೀ ಓಣಿಗೆ ಕೇಳಿತ್ತು.

ರೋಹಿಣಿ ಮಳೆ ಬಿದ್ದ ಮೂರನೇ ದಿನ,
ದುರ್ಗದ ಗಾಳಿಗಿರಣಿಗಳು ಬೆನ್ನಿಗೆ ಬಿದ್ದು
ಚಳ್ಳಕೆರೆಯೂ ಮುಗಿದ ಮೇಲೆ
ಕಾವಲಿನ ಅಂಚಿಗೆ ದೇವರೆತ್ತುಗಳ ರೊಪ್ಪ.
ಕಿಲಾರಿ ಗಾದ್ರಯ್ಯ ಮೊದಲು ನನ್ನ ಚಪ್ಪಲಿ ನೋಡಿದ.
ಬಿಟ್ಟೆ.
ಆಮೇಲೆ ಚೀಲ: ಮೂವತ್ತು ಪ್ಲಾಸ್ಟಿಕ್ ಲೋಟ,
ಇಕ್ಕುಳ, ಭೂತಗನ್ನಡಿ, ಬಿಗಿ ಬಿರಡೆಯ ಬಾಟಲಿ.
"ಇದ್ರಾಗೇನೈತವ್ವ?"
ಔಷಧ, ಅಂದೆ.
"ಯಾರಿಗೆ ಜಡ್ಡು?"

ಇಷ್ಟು ವರ್ಷದಲ್ಲಿ ಯಾವ ಸಮಿತಿಯೂ
ನನ್ನನ್ನು ಇದು ಕೇಳಿರಲಿಲ್ಲ.

"ಎತ್ತು ದೇವ್ರುದು. ಹಾಕಿದ ಸಗಣೀನೂ ದೇವ್ರುದೇ.
ಅದ್ನ ಉಂಬೋವು ಯಾರ್ವು ಮತ್ತೆ?
ಎಣಿಸ್ಕ. ಒಯ್ಯಬ್ಯಾಡ."

ಮಂಡಿಯೂರಿದೆ. ಬೆರಳಸಂದಿಗೆ ಬಿಸಿಬಿಸಿ ಸಗಣಿ.
ಹೊರಳಿಸಿ ಒಯ್ಯುವವು, ಕೆಳಗೆ ಸುರಂಗ ತೋಡುವವು,
ಎಲ್ಲಿಗೂ ಹೋಗದೆ ಅಲ್ಲೇ ಸಂಸಾರ ಹೂಡುವವು.
ನಾನು ಲ್ಯಾಟಿನ್ ಗುನುಗಿದರೆ ಅವನು ಮೇಲಿಂದ,
ಕಂಬಳಿ ಹೊದ್ದುಕೊಂಡು:
"ಅದು ಗುದ್ದಲಿಯಪ್ಪ. ಅದು ಉಂಡೆಕಾರ.
ಆ ಸಣ್ಣದು ಕರುವಿನ ಹೆಂಡಿಗೇ ಬರಾದು,
ದೊಡ್ಡೆತ್ತಿನದ್ಕೆ ಮೂಸೂ ನೋಡಲ್ಲ."
ಕೊನೆಯದನ್ನು ಬರೆದುಕೊಂಡೆ. ನನಗೆ ಗೊತ್ತಿರಲಿಲ್ಲ.

ಸಂಜೆ ಇಳಿಯುವಾಗ ಸಿಕ್ಕಿದ್ದು ಅದು.
ಮಸೂರಿ ಕಾಳಿನಷ್ಟು. ಬೆನ್ನಿನ ಮುಂಭಾಗಕ್ಕೆ ತಾಮ್ರ,
ತುದಿಯಲ್ಲಿ ಸೀಳಿದ ಕೊಂಬು.
ಮುಷ್ಟಿ ಬಿಗಿದೆ. ತಲೆಯನ್ನೇ ಸಲಿಕೆ ಮಾಡಿ
ಬೆರಳೊಂದೊಂದನ್ನೇ ಬಿಡಿಸಿಕೊಂಡು ಹೊರಬಂತು.
ನನ್ನ ಬಾಯಿಪಾಠದ ಕೈಪಿಡಿ ಹೇಳಿತು:
ಕೊಂಬು ಸೀಳಿದ್ದರೆ ಹದಿನಾಲ್ಕಕ್ಕೆ ಹೋಗಿ.
ಹೋದೆ. ಹದಿನಾಲ್ಕರಲ್ಲಿ ಎರಡು ದಾರಿ,
ಎರಡರಲ್ಲೂ ಇದು ಹಿಡಿಸಲಿಲ್ಲ.

ಬಾಟಲಿ ಚೀಲದಲ್ಲೇ ಇತ್ತು, ಕೈಯಳತೆಯಲ್ಲಿ.
ಗಾದ್ರಯ್ಯ ಕರುವಿನ ಹಗ್ಗ ಬಿಚ್ಚಲು
ಆ ಕಡೆ ತಿರುಗಿದ್ದ.
ತಿರುಗಿಯೇ ಇದ್ದ, ಬೇಕಂತಲೋ ಏನೋ,
ಬಹಳ ಹೊತ್ತು.

ಇದಕ್ಕೇನಂತೀರಿ, ಎಂದು ಕೂಗಿದೆ.
ಬಂದು ಬಗ್ಗಿ ನೋಡಿದ.
"ಇದ್ಕೆ ಹೆಸ್ರಿಲ್ಲ. ಬರ್ತೈತಿ, ಹೋಗ್ತೈತಿ."
ಹೋಯಿತು. ಸಗಣಿಯ ಮೇಲೆ ಒಂದು ತೂತು,
ಅಂಚಲ್ಲಿ ಸ್ವಲ್ಪ ಹಸಿಮಣ್ಣು.

ಮಾದರಿ ಎಲ್ಲಿ, ಎಂದರು ಸರ್ ಸೋಮವಾರ.
ದೇಹವಿಲ್ಲದೆ ಪ್ರಭೇದವಿಲ್ಲ ಕಣಮ್ಮ,
ನೀನು ಕಂಡದ್ದು ಬರೀ ಒಂದು ಸಂಜೆ.
ಸರಿಯೇ. ನಾನೇ ಇದನ್ನು
ಎಷ್ಟೋ ಮಕ್ಕಳಿಗೆ ಹೇಳಿ ಅಳಿಸಿದ್ದೇನೆ.

ಆದರೂ ಚೀಟಿ ಬರೆದೆ, ಇರುವೆಯಕ್ಷರದಲ್ಲಿ.
ಊರು, ತಾಲ್ಲೂಕು, ತಾರೀಖು, ಮಳೆಯ ಹೆಸರು.
'ಸಂಗ್ರಹ' ಹೊಡೆದುಹಾಕಿ 'ಕಂಡವರು' ಎಂದು ಮಾಡಿ
ಗಾದ್ರಯ್ಯ, ಕಿಲಾರಿ. ಅವನ ಕೆಳಗೆ ನಾನು.
ಮೂರನೇ ನಂಬರಿನ ಸೂಜಿಗೆ ಚೀಟಿಯನ್ನಷ್ಟೇ ಪೋಣಿಸಿ
ಹದಿನೇಳನೇ ಡ್ರಾಯರಿನಲ್ಲಿ ನೆಟ್ಟೆ,
ಎರಡು ಉಂಡೆಕಾರರ ನಡುವೆ.

ಸರ್ ಒಂದು ದಿನ ಡ್ರಾಯರು ಎಳೆದರು.
ನಿಂತರು. ಕನ್ನಡಕ ತೆಗೆದು ಒರೆಸಿದರು.
ನುಸಿಗುಳಿಗೆ ಕರಗಿವೆ, ಬದಲಿಸಬೇಕು,
ಎಂದು ಮೆಲ್ಲಗೆ ತಳ್ಳಿ ಮುಚ್ಚಿದರು.