ಆರರ ಲೆಕ್ಕ

ಹಲ್ಲಿನ ಡಾಕ್ಟರ್ ಶಶಿರೇಖಾ ಮೇಡಂ
ಸ್ಟೀಲಿನ ಡಬ್ಬಿಯಲ್ಲಿ ಗೊಂಬೆ ತರುತ್ತಾರೆ,
ಹತ್ತಿ ಸುತ್ತಿ, ಮೊಟ್ಟೆ ತಂದ ಹಾಗೆ.
ಕೌಲ್ ಬಜಾರಿನ ನಮ್ಮ ಓಣಿಗೆ ಕಾರು ಹಿಡಿಸುವುದಿಲ್ಲ.
ಚಿಂದಿ ಮೂಟೆಗಳ ಪಕ್ಕ ನಿಲ್ಲಿಸಿ,
ಜೀನ್ಸ್ ತೊಳೆದ ನೀಲಿ ನೀರು ದಾಟಿ,
ಸೀರೆ ಎತ್ತಿ ಹಿಡಿದು ಬರುತ್ತಾರೆ.

ಮನೆಯಲ್ಲಿ ನೂರಾ ಹನ್ನೊಂದು ಇವೆಯಂತೆ
ಗಾಜಿನ ಕಪಾಟಿನಲ್ಲಿ, ಬಿಸಿಲಿಗೆ ಬಣ್ಣ ಹೋಗದಂತೆ ಪರದೆ ಹಾಕಿ.
ಮೊಮ್ಮಗಳಿಗೇನ್ರಿ, ಅಂತ ಕೇಳಿದ್ದೆ.
"ಇಲ್ಲ ಹೊನ್ನೂರಬಿ, ನನಗೇ"
ಅಂದರು. ಐವತ್ತೆಂಟರ ಕೆನ್ನೆ ಕೆಂಪಾಯಿತು.

ಹಗಲು ನಾನು ಘಟಕದಲ್ಲಿ ಸೊಂಟದ ಪಟ್ಟಿ ಹಚ್ಚುವವಳು.
ದಿನಕ್ಕೆ ನಾನೂರು ಸೊಂಟ.
ಮುಖ ಗೊತ್ತಿಲ್ಲ, ಊರು ಗೊತ್ತಿಲ್ಲ,
ಇಪ್ಪತ್ತಾರು, ಮೂವತ್ತು, ಮೂವತ್ತೆಂಟು,
ಸೊಂಟವಷ್ಟೇ ಕೈ ದಾಟಿ ಹೋಗುತ್ತದೆ.
ರಾತ್ರಿ, ಉಳಿದ ತುಂಡಿನಲ್ಲಿ, ಗೊಂಬೆಯ ಪ್ಯಾಂಟು.

ಮೊದಲನೆಯದಕ್ಕೆ ಟೇಪು ಹಿಡಿದ ದಿನ ನೆನಪಿದೆ.
ಮೂರು ಇಂಚು, ಮೇಲೊಂದು ನೂಲು.
ಆರರಿಂದ ಗುಣಿಸು, ಮನುಷ್ಯರ ಅಳತೆ ಬರುತ್ತೆ, ಅಂದರು ಮೇಡಂ.
ಗುಣಿಸಿದೆ. ಹದಿನೆಂಟು ಚಿಲ್ಲರೆ.
"ಅಯ್ಯ, ಕರುಳು ಎಲ್ಲಿ ಇಟ್ಕಂತಾಳೆ?" ಅಂದಳು ಹುಲಿಗೆಮ್ಮ,
ಬುತ್ತಿ ಬಿಚ್ಚುತ್ತಾ.
ಪಾದವೂ ಹಾಗೇ. ಹಿಮ್ಮಡಿ ನೆಲ ಕಂಡಿಲ್ಲ,
ಚಪ್ಪಲಿ ಬಿಚ್ಚಿದರೆ ಮೂಗಿನ ಮೇಲೆ ಬೀಳುತ್ತದೆ.

ಈ ಸಲದ್ದು ಬೇರೆ ಅಚ್ಚು.
"ಇದು ಸ್ವಲ್ಪ ದಪ್ಪ ಮೈಯದು," ಮೇಡಂ ದನಿ ತಗ್ಗಿಸಿದರು,
ಗೊಂಬೆಗೆ ಕೇಳಿಸೀತು ಅನ್ನುವ ಹಾಗೆ.
ನಮ್ಮ ಬಣ್ಣ. ಸುರುಳಿ ಕೂದಲು. ಒಂದಕ್ಕೊಂದು ತಾಗುವ ತೊಡೆ.
ಮಶೀನಿನ ಹಲಗೆ ಮೇಲೆ ಬಿಟ್ಟರೆ
ತಾನೇ ನಿಂತಿತು, ಅಂಗಾಲು ಊರಿ,
ನಳ್ಳಿಯ ಸರದಿಯಲ್ಲಿ ನಿಂತವಳಂತೆ.

ಹಳೆಯ ಪ್ಯಾಂಟು ಮೊಣಕಾಲು ದಾಟಲಿಲ್ಲ.
"ಏರಲಿಲ್ಲ ನೋಡು!" ಮೇಡಂ ಚಪ್ಪಾಳೆ ತಟ್ಟಿದರು,
ಮಗು ಪಾಸಾದ ಸುದ್ದಿಯಂತೆ.
ಆಮೇಲೆ, ಕರೆಂಟು ಹೋಗಿ ಬೆವರು ಒರೆಸಿಕೊಳ್ಳುವಾಗ, ಹೇಳಿದರು:
ಶಾಲೆಯ ನಾಟಕದಲ್ಲಿ ಗೆಳತಿಯರೆಲ್ಲ ಹೂ, ಚಿಟ್ಟೆ.
ನನ್ನನ್ನು ಮರ ಮಾಡಿದ್ದರು.
ಮೂರು ವರ್ಷ. ಪ್ರತಿ ಸಲ ಮರ.

ಅವರು ಹೋದ ಮೇಲೆ ಅಳೆದೆ.
ನಾಲ್ಕು ಇಂಚು, ಮೂರು ನೂಲು.
ಆರರಿಂದ ಗುಣಿಸಿದರೆ ಇಪ್ಪತ್ತಾರು.
ಮತ್ತೊಮ್ಮೆ ಗುಣಿಸಿದೆ.
ಇಪ್ಪತ್ತಾರು ನಾವು ಹೊಲಿಯುವುದರಲ್ಲೇ ಸಣ್ಣ ಸೈಜು.
ಇಡೀ ಘಟಕದಲ್ಲಿ ಅದು ಹಿಡಿಸುವುದು
ಎರ್ರಮ್ಮನ ಸೊಸೆಗೆ ಮಾತ್ರ,
ಅವಳೂ ಟೈಫಾಯಿಡಿನಿಂದ ಎದ್ದು ಬಂದವಳು.
ಇದನ್ನು ಮೇಡಂಗೆ ಹೇಳಲಿಲ್ಲ.
ಅಷ್ಟು ಖುಷಿಯಲ್ಲಿದ್ದರು.

ಹೊಲಿದು ಕೊಟ್ಟು ತಿಂಗಳಿಗೆ ಫೋನು:
"ಬಣ್ಣ ಬಿಟ್ಟಿದೆ ಹೊನ್ನೂರಬಿ, ತೊಡೆಯೆಲ್ಲ ನೀಲಿ.
ಮೊಡವೆಯ ಮುಲಾಮು ಹಚ್ಚಿ ಬಿಸಿಲಿಗಿಟ್ಟರೆ ಹೋಗುತ್ತಂತೆ."
ಬಳ್ಳಾರಿಯಲ್ಲಿ ಬಿಸಿಲಿಗೇನು ಬರ!
ನನ್ನ ಹತ್ತು ಬೆರಳು ನೋಡಿಕೊಂಡೆ.
ಹತ್ತೊಂಬತ್ತು ವರ್ಷದ ನೀಲಿ, ಉಗುರಿನ ಬುಡದಲ್ಲಿ,
ಹಿಟ್ಟು ನಾದಿದರೂ, ಮದರಂಗಿ ಹಚ್ಚಿದರೂ ಅಲ್ಲೇ.
"ಇರಲಿ ಬಿಡ್ರಿ ಮೇಡಂ," ಅಂದೆ, "ನಮ್ಮ ಊರಾಕಿ ಆದಳು."
ಆ ಕಡೆ ಯಾರದೋ ಹಲ್ಲು ಕೊರೆಯುವ ಸದ್ದು.
ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಆ ರಾತ್ರಿ ಟೇಪು ನನಗೇ ಸುತ್ತಿದೆ.
ಮೂರು ಹೆರಿಗೆ, ಕೂತ ಕೆಲಸ: ನಲವತ್ತೊಂದು.
ಆರರಿಂದ ಭಾಗಿಸಿದೆ,
ಏಳು ಇಂಚಿಗೆ ಒಂದು ನೂಲು ಕಡಿಮೆ.
ಹಳೇ ಪೇಪರಿನಲ್ಲಿ ಮಾದರಿ ಕತ್ತರಿಸಿ ಹೊಲಿದೆ,
ಎರಡು ಜೇಬು, ಒಳಗೆ ಕೈ ಹೋಗುವಂಥವು.
ತೊಡುವ ಗೊಂಬೆ ಇನ್ನೂ ಯಾವ ಅಚ್ಚಿನಿಂದಲೂ ಬಂದಿಲ್ಲ.

ಮಶೀನಿನ ಮೇಲಿನ ಮೊಳೆಗೆ ತೂಗು ಹಾಕಿದ್ದೇನೆ.
ಫ್ಯಾನು ತಿರುಗಿದಾಗ ಕಾಲು ಬೀಸುತ್ತದೆ.